ಹಾರುವುದು ಒಂದರಲ್ಲಿ, ಮೈಲು ಇನ್ನೊಂದರಲ್ಲಿ: ಪಾಲುದಾರ ವಿಮಾನಗಳ ಗಳಿಕೆ

ಒಂದು ವಿಮಾನ ಸಂಸ್ಥೆಯ ಸದಸ್ಯರು ಬೇರೊಂದು ಸಂಸ್ಥೆಯ ವಿಮಾನದಲ್ಲಿ ಪ್ರಯಾಣಿಸಿ, ಆ ಪ್ರಯಾಣದ ಮೈಲುಗಳನ್ನು ತಮ್ಮ ಮೂಲ ಖಾತೆಗೇ ಜಮಾ ಮಾಡಿಸಿಕೊಳ್ಳುವ ವ್ಯವಸ್ಥೆಯೇ ಪಾಲುದಾರ ಗಳಿಕೆ. ಇದಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಎರಡೂ ಸಂಸ್ಥೆಗಳ ನಡುವೆ ಒಪ್ಪಂದವಿರಬೇಕು, ಟಿಕೆಟ್‌ನ ದರ್ಜೆ ಆ ಒಪ್ಪಂದದೊಳಗೆ ಬರಬೇಕು, ಸದಸ್ಯರ ಸಂಖ್ಯೆ ಬುಕಿಂಗ್‌ಗೆ ಸೇರಿರಬೇಕು. ಒಂದು ತಪ್ಪಿದರೂ ಹದಿನೆಂಟು ಗಂಟೆಯ ಪ್ರಯಾಣಕ್ಕೆ ಖಾತೆಯಲ್ಲಿ ಸಿಗುವುದು ಸೊನ್ನೆ.

ಬೆಂಗಳೂರಿನ ಪೂರ್ವ ಅಂಚಿನ ಕುಂದಲಹಳ್ಳಿಯಲ್ಲಿ ಈ ಲೆಕ್ಕಕ್ಕೆ ವಿಶೇಷ ತೂಕವಿದೆ. ಮಾರತ್ತಹಳ್ಳಿಗೂ ವೈಟ್‌ಫೀಲ್ಡ್‌ಗೂ ನಡುವಿನ ಈ ಊರಿನ ಸುತ್ತ ಬ್ರೂಕ್‌ಫೀಲ್ಡ್, ಎಇಸಿಎಸ್ ಬಡಾವಣೆ, ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ರೂಪಿಸಿದ ಇಪಿಐಪಿ ವಲಯ, ಅದರಾಚೆ ಐಟಿಪಿಎಲ್ ತಂತ್ರಜ್ಞಾನ ಪಾರ್ಕ್ ಹರಡಿಕೊಂಡಿವೆ. ಇಲ್ಲಿನ ಮನೆಗಳಲ್ಲಿ ಆನ್‌ಸೈಟ್‌ಗೆ ಹೋಗಿಬಂದವರು, ಹೊರಡಲು ವೀಸಾ ಕಾಯುತ್ತಿರುವವರು, ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ತಾಯಂದಿರು ಎಲ್ಲರೂ ಸಿಗುತ್ತಾರೆ. ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣ ಇಲ್ಲಿಗೆ ಕೂಗಳತೆಯಲ್ಲಿತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದು, ಎಚ್‌ಎಎಲ್‌ನಿಂದ ಪ್ರಯಾಣಿಕ ವಿಮಾನಗಳು ನಿಂತ ಮೇಲೆ ಕುಂದಲಹಳ್ಳಿಯವರು ಊರಿನ ಇನ್ನೊಂದು ದಿಕ್ಕಿಗೆ ಮಧ್ಯರಾತ್ರಿ ಟ್ಯಾಕ್ಸಿ ಹಿಡಿಯಬೇಕಾಯಿತು.

ದೂರಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಈ ವಲಯದಿಂದ ಅತಿ ಹೆಚ್ಚು ಜನ ಹೋಗಿಬರುವ ದೇಶಗಳಲ್ಲೊಂದು ಅಮೆರಿಕ. ಆದರೆ ಅಮೆರಿಕದ ಯಾವ ವಿಮಾನ ಸಂಸ್ಥೆಯೂ ಬೆಂಗಳೂರಿಗೆ ತನ್ನದೇ ಪ್ರಯಾಣಿಕ ವಿಮಾನ ಹಾರಿಸುತ್ತಿಲ್ಲ. ಅಮೆರಿಕನ್ ಏರ್‌ಲೈನ್ಸ್ 2020ರ ಫೆಬ್ರವರಿಯಲ್ಲಿ ಸಿಯಾಟಲ್‌ನಿಂದ ಬೆಂಗಳೂರಿಗೆ ನೇರ ವಿಮಾನ ಘೋಷಿಸಿತು. ಅದೇ ವರ್ಷ ಯುನೈಟೆಡ್ ಏರ್‌ಲೈನ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಾರಿಸುವುದಾಗಿ ಹೇಳಿತು. ಎರಡೂ ಯೋಜನೆಗಳು ಮುಂದಕ್ಕೆ ಹೋಗಿ ಕೊನೆಗೆ ಕೈಬಿಟ್ಟುಹೋದವು. ಹೀಗಾಗಿ ಅಮೆರಿಕದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಯುನೈಟೆಡ್‌ನ ಮೈಲೇಜ್‌ಪ್ಲಸ್ ಖಾತೆಯನ್ನೋ ಅಮೆರಿಕನ್‌ನ ಅಡ್ವಾಂಟೇಜ್ ಖಾತೆಯನ್ನೋ ಇಟ್ಟುಕೊಂಡು ಕುಂದಲಹಳ್ಳಿಗೆ ಮರಳಿದವರು ಇಲ್ಲಿಂದ ವಿಮಾನ ಹತ್ತಿ ಆ ಖಾತೆಯನ್ನು ಬೆಳೆಸಬೇಕಾದರೆ ಪಾಲುದಾರ ವಿಮಾನಗಳೇ ಗತಿ.

ಈ ಪದ್ಧತಿಯ ಮೂಲ ಅಮೆರಿಕದಲ್ಲಿದೆ. 1978ರಲ್ಲಿ ಅಲ್ಲಿನ ಸರ್ಕಾರ ವಿಮಾನ ದರಗಳ ಮೇಲಿನ ಹಿಡಿತ ಸಡಿಲಿಸಿದ ಮೇಲೆ ಗಿರಾಕಿಗಳನ್ನು ಉಳಿಸಿಕೊಳ್ಳುವುದು ಸಂಸ್ಥೆಗಳಿಗೆ ಸವಾಲಾಯಿತು. 1979ರಲ್ಲಿ ಟೆಕ್ಸಸ್ ಇಂಟರ್‌ನ್ಯಾಷನಲ್ ಎಂಬ ಚಿಕ್ಕ ಸಂಸ್ಥೆ ಹಾರಿದ ಮೈಲುಗಳನ್ನು ಎಣಿಸಿ ಬಹುಮಾನ ಕೊಡುವ ಪದ್ಧತಿ ತಂದಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ್ದು ಅಮೆರಿಕನ್ ಏರ್‌ಲೈನ್ಸ್. 1981ರ ಮೇ 1ರಂದು ಅದು ಅಡ್ವಾಂಟೇಜ್ ಆರಂಭಿಸಿತು. ಕೆಲವೇ ದಿನಗಳಲ್ಲಿ ಯುನೈಟೆಡ್ ತನ್ನ ಯೋಜನೆಯೊಂದಿಗೆ ಬೆನ್ನಿಗೇ ಬಂತು. ಪಾಲುದಾರಿಕೆ ಹುಟ್ಟಿದ್ದು ಮರುವರ್ಷ: 1982ರಲ್ಲಿ ಅಡ್ವಾಂಟೇಜ್ ಸದಸ್ಯರು ಬ್ರಿಟಿಷ್ ಏರ್‌ವೇಸ್‌ನಲ್ಲಿ ಯುರೋಪಿಗೆ ಹೋಗಿ ಮೈಲು ಗಳಿಸುವ ಏರ್ಪಾಟಾಯಿತು. ತನ್ನ ವಿಮಾನ ಹೋಗದ ಊರಿಗೂ ತನ್ನ ಗಿರಾಕಿಯನ್ನು ತನ್ನವನನ್ನಾಗಿಯೇ ಕಳುಹಿಸಿಕೊಡುವ ಉಪಾಯ ಅದು. ಇವತ್ತಿನ ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆಯೇ.

ಬಿಡಿ ಒಪ್ಪಂದಗಳು ಒಕ್ಕೂಟಗಳಾಗಿ ಬೆಳೆದದ್ದು ತೊಂಬತ್ತರ ದಶಕದ ಕೊನೆಯಲ್ಲಿ. 1997ರ ಮೇ 14ರಂದು ಏರ್ ಕೆನಡಾ, ಲುಫ್ತಾನ್ಸಾ, ಎಸ್‌ಎಎಸ್, ಥಾಯ್ ಮತ್ತು ಯುನೈಟೆಡ್ ಸೇರಿ ಸ್ಟಾರ್ ಅಲಯನ್ಸ್ ಕಟ್ಟಿದವು. 1999ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್, ಅಮೆರಿಕನ್, ಕ್ವಾಂಟಸ್, ಕ್ಯಾಥೆ ಪೆಸಿಫಿಕ್ ಮತ್ತಿತರರ ಒನ್‌ವರ್ಲ್ಡ್ ಕೆಲಸ ಶುರುಮಾಡಿತು. 2000ದ ಜೂನ್‌ನಲ್ಲಿ ಏರ್ ಫ್ರಾನ್ಸ್, ಡೆಲ್ಟಾ, ಕೊರಿಯನ್ ಏರ್, ಏರೋಮೆಕ್ಸಿಕೋ ಸೇರಿ ಸ್ಕೈಟೀಮ್ ಆಯಿತು. ಒಂದು ಒಕ್ಕೂಟದೊಳಗಿನ ಯಾವ ಸಂಸ್ಥೆಯ ಖಾತೆ ಇದ್ದರೂ ಉಳಿದ ಸದಸ್ಯ ಸಂಸ್ಥೆಗಳಲ್ಲಿ ಹಾರಿದಾಗ ಅದಕ್ಕೆ ಜಮಾ ಮಾಡಿಸಿಕೊಳ್ಳಬಹುದು. ಆದರೆ ಎಷ್ಟು ಜಮಾ ಎಂಬುದನ್ನು ಒಕ್ಕೂಟ ನಿರ್ಧರಿಸುವುದಿಲ್ಲ, ಖಾತೆ ನಡೆಸುವ ಸಂಸ್ಥೆ ನಿರ್ಧರಿಸುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮೈಲು ಕಳೆದುಕೊಂಡವರೇ ಹೆಚ್ಚು.

ಬೆಂಗಳೂರಿಗೆ ಹಾರುವ ವಿದೇಶಿ ಸಂಸ್ಥೆಗಳನ್ನು ಈ ಮೂರು ಗುಂಪುಗಳಲ್ಲಿ ಇಟ್ಟು ನೋಡಿದರೆ ಚಿತ್ರ ತಿಳಿಯಾಗುತ್ತದೆ. ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್, ಥಾಯ್ ಮತ್ತು ಇಥಿಯೋಪಿಯನ್ ಸ್ಟಾರ್‌ನವು. ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ ಪೆಸಿಫಿಕ್, ಮಲೇಷ್ಯಾ, ಶ್ರೀಲಂಕನ್, ಜೊತೆಗೆ 2022ರ ಸೆಪ್ಟೆಂಬರ್‌ನಲ್ಲಿ ಸಿಡ್ನಿಯಿಂದ ನೇರವಾಗಿ ಬರತೊಡಗಿದ ಕ್ವಾಂಟಸ್ ಒನ್‌ವರ್ಲ್ಡ್‌ನವು. ಏರ್ ಫ್ರಾನ್ಸ್, ಕೆಎಲ್‌ಎಂ ಮತ್ತು 2024ರ ಮಾರ್ಚ್ 31ರಂದು ಲಂಡನ್-ಬೆಂಗಳೂರು ಹಾರಾಟ ಆರಂಭಿಸಿದ ವರ್ಜಿನ್ ಅಟ್ಲಾಂಟಿಕ್ ಸ್ಕೈಟೀಮ್‌ನವು. ಎಮಿರೇಟ್ಸ್ ಮತ್ತು ಎತಿಹಾದ್ ಯಾವ ಒಕ್ಕೂಟಕ್ಕೂ ಸೇರಿಲ್ಲ. ಅವು ತಮಗೆ ಬೇಕಾದ ಸಂಸ್ಥೆಗಳ ಜೊತೆ ಬಿಡಿ ಒಪ್ಪಂದ ಮಾಡಿಕೊಂಡಿವೆ. ಎಮಿರೇಟ್ಸ್‌ಗೆ ಕ್ವಾಂಟಸ್ ಜೊತೆಗಿನ ನಂಟು 2013ರಿಂದ ನಡೆದುಬಂದಿದೆ.

ಕುಂದಲಹಳ್ಳಿಯ ಮಟ್ಟಿಗೆ ಇವುಗಳಲ್ಲಿ ಫ್ರಾಂಕ್‌ಫರ್ಟ್ ಮಾರ್ಗದ ಕಥೆ ಬೇರೆಯೇ. ಜರ್ಮನಿಯ ಎಸ್‌ಎಪಿ ಕಂಪನಿ 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಲ್ಯಾಬ್ಸ್ ಆರಂಭಿಸಿ, ಮುಂದೆ ಇಪಿಐಪಿ ವಲಯದಲ್ಲಿ ದೊಡ್ಡ ಕ್ಯಾಂಪಸ್ ಕಟ್ಟಿತು. ಅದರ ಮುಖ್ಯ ಕಚೇರಿ ಇರುವ ವಾಲ್‌ಡಾರ್ಫ್ ಫ್ರಾಂಕ್‌ಫರ್ಟ್‌ನಿಂದ ದಕ್ಷಿಣಕ್ಕೆ ರಸ್ತೆಯಲ್ಲಿ ಸುಮಾರು ಒಂದು ಗಂಟೆಯ ಹಾದಿ. ಬೆಂಗಳೂರಿಗೂ ಫ್ರಾಂಕ್‌ಫರ್ಟ್‌ಗೂ ನಡುವೆ ಲುಫ್ತಾನ್ಸಾ ಹಾರಾಟ ಎರಡು ದಶಕಗಳಿಂದ ನಡೆದಿದೆ. 2023ರ ನವೆಂಬರ್‌ನಲ್ಲಿ ಮ್ಯೂನಿಕ್‌ಗೂ ವಿಮಾನ ಬಂತು. ನಡುರಾತ್ರಿ ಕಳೆದ ಮೇಲೆ ಹೊರಡುವ ಫ್ರಾಂಕ್‌ಫರ್ಟ್ ವಿಮಾನ ಈ ವಲಯದ ಎಂಜಿನಿಯರುಗಳಿಗೆ ಜರ್ಮನಿಯ ಬಾಗಿಲೂ ಹೌದು, ಅಮೆರಿಕದ ಬಾಗಿಲೂ ಹೌದು.   

ಗಳಿಕೆಯ ಲೆಕ್ಕಕ್ಕೆ ಈ ಮಾರ್ಗವನ್ನೇ ಹಿಡಿಯೋಣ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೆಟ್ಟಗೆ ಅಳೆದರೆ ಸುಮಾರು 7,400 ಕಿಲೋಮೀಟರ್, ಅಂದರೆ 4,600 ಮೈಲು. ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 5,700 ಮೈಲು. ಹೋಗಿಬರುವುದು ಸೇರಿ ಒಟ್ಟು 20,600 ಮೈಲು. ಎಕಾನಮಿಯಲ್ಲಿ ಅಕ್ಕಪಕ್ಕದ ಸೀಟುಗಳಲ್ಲಿ ಕೂತ ಇಬ್ಬರಿಗೆ ಇದರಲ್ಲಿ ಸಿಗುವ ಪಾಲು ಒಂದೇ ಆಗಿರುವುದಿಲ್ಲ. ಮೊದಲ ಗಂಟು ಇಲ್ಲಿದೆ: ಇ-ಟಿಕೆಟ್‌ನಲ್ಲಿ ವೈ, ಬಿ, ಎಂ, ಕೆ, ಎಲ್, ಟಿ ಎಂದೆಲ್ಲ ಒಂಟಿ ಅಕ್ಷರವೊಂದು ಅಚ್ಚಾಗಿರುತ್ತದೆ. ಅದು ಟಿಕೆಟ್ ಮಾರಾಟವಾದ ದರದ ದರ್ಜೆ. ಪೂರ್ತಿ ದರ ಕೊಟ್ಟ ಟಿಕೆಟ್‌ನ ಅಕ್ಷರಕ್ಕೆ ದೂರದ ಶೇ 100 ಸಿಗಬಹುದು, ರಿಯಾಯಿತಿ ದರದ್ದಕ್ಕೆ ಶೇ 50 ಅಥವಾ 25, ತೀರಾ ಅಗ್ಗದ್ದಕ್ಕೆ ಏನೂ ಸಿಗದೆ ಇರಬಹುದು. ಶೇ 50 ಆದರೆ 10,300 ಮೈಲು, ಶೇ 25 ಆದರೆ 5,150. ಬಿಸಿನೆಸ್ ಕ್ಲಾಸ್‌ನ ಅಕ್ಷರಗಳಿಗೆ ಕೆಲವು ಖಾತೆಗಳಲ್ಲಿ ಶೇ 150 ದಾಟಿ ಕೊಡುತ್ತಾರೆ. ಒಂದೇ ಅಕ್ಷರಕ್ಕೆ ಒಂದು ಖಾತೆ ಅರ್ಧ ಕೊಟ್ಟರೆ ಇನ್ನೊಂದು ಪೂರ್ತಿ ಕೊಡುವುದೂ ಉಂಟು. ಆದ್ದರಿಂದ ಟಿಕೆಟ್ ಕೊಂಡ ಮೇಲೆ ನೋಡುವುದಕ್ಕಿಂತ ಕೊಳ್ಳುವ ಮುಂಚೆ ಆ ಅಕ್ಷರವನ್ನು ಖಾತೆಯ ಗಳಿಕೆ ಪಟ್ಟಿಯಲ್ಲಿ ಹುಡುಕುವುದೇ ಸರಿ.

ಎರಡನೆಯ ಗಂಟು ಟಿಕೆಟ್ ಸಂಖ್ಯೆಯಲ್ಲಿದೆ. ಹದಿಮೂರು ಅಂಕಿಗಳ ಆ ಸಂಖ್ಯೆಯ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಸಂಸ್ಥೆ ಯಾವುದೆಂದು ಹೇಳುತ್ತವೆ: 098 ಏರ್ ಇಂಡಿಯಾ, 220 ಲುಫ್ತಾನ್ಸಾ, 016 ಯುನೈಟೆಡ್, 618 ಸಿಂಗಪುರ ಏರ್‌ಲೈನ್ಸ್, 125 ಬ್ರಿಟಿಷ್ ಏರ್‌ವೇಸ್, 157 ಕತಾರ್, 176 ಎಮಿರೇಟ್ಸ್. ಮೊದಲಾದರೆ ಇದಕ್ಕೆ ಅಷ್ಟು ಮಹತ್ವ ಇರಲಿಲ್ಲ, ದೂರ ಎಣಿಸಿದರೆ ಸಾಕಿತ್ತು. 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್, 2016ರ ಆಗಸ್ಟ್‌ನಲ್ಲಿ ಅಮೆರಿಕನ್ ದೂರದ ಬದಲು ಕೊಟ್ಟ ಹಣಕ್ಕೆ ತಕ್ಕಂತೆ ಮೈಲು ಕೊಡಲು ತೊಡಗಿದವು. ಏರ್ ಇಂಡಿಯಾ 2024ರ ಏಪ್ರಿಲ್‌ನಲ್ಲಿ ಅದೇ ದಾರಿ ಹಿಡಿಯಿತು. ಈಗ ಲುಫ್ತಾನ್ಸಾ ವಿಮಾನದ ಟಿಕೆಟನ್ನು ಯುನೈಟೆಡ್‌ನಿಂದ ಕೊಂಡು 016ರ ಟಿಕೆಟ್ ಪಡೆದವರಿಗೆ ಹಣದ ಲೆಕ್ಕದಲ್ಲಿ ಮೈಲು ಬರುತ್ತದೆ. ಅದೇ ವಿಮಾನಕ್ಕೆ ಲುಫ್ತಾನ್ಸಾದ 220ರ ಟಿಕೆಟ್ ಪಡೆದು ಯುನೈಟೆಡ್ ಖಾತೆಗೆ ಹಾಕಿಸಿದವರಿಗೆ ದೂರ ಮತ್ತು ಅಕ್ಷರದ ಲೆಕ್ಕ. ದೂರದ ಊರಿಗೆ ಅಗ್ಗದ ಟಿಕೆಟ್ ಕೊಳ್ಳುವವರಿಗೆ ಎರಡನೆಯದು ಲಾಭವಾಗಬಹುದು, ಕಂಪನಿಯ ಖರ್ಚಿನಲ್ಲಿ ಕೊನೆಗಳಿಗೆಯ ದುಬಾರಿ ಟಿಕೆಟ್ ಪಡೆಯುವವರಿಗೆ ಮೊದಲನೆಯದು. ಟ್ರಾವೆಲ್ ಡೆಸ್ಕ್ ಕೊಟ್ಟದ್ದನ್ನು ಹಾಗೇ ತೆಗೆದುಕೊಂಡು ಹೊರಡುವವರಿಗೆ ಈ ಆಯ್ಕೆ ಇದೆಯೆಂದೇ ಗೊತ್ತಿರುವುದಿಲ್ಲ.

ಕೋಡ್‌ಶೇರ್ ಮೂರನೆಯ ಗಂಟು. ಒಂದೇ ವಿಮಾನ, ಎರಡು ಮೂರು ಸಂಸ್ಥೆಗಳ ನಂಬರಿನಲ್ಲಿ ಮಾರಾಟ. ವಿಮಾನ ಹಾರಿಸುವವರು ಒಬ್ಬರು, ಟಿಕೆಟ್ ಮಾರುವವರು ಇನ್ನೊಬ್ಬರು. ಇಂಡಿಗೊ ವಿಮಾನ ಹತ್ತುವವರಿಗೆ ಇದು ಮುಖ್ಯ. ದೇಶದೊಳಗಿನ ಹಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇಂಡಿಗೊದ್ದು. ಅದು ಟರ್ಕಿಷ್, ಕತಾರ್, ಅಮೆರಿಕನ್, ಕ್ವಾಂಟಸ್, ಏರ್ ಫ್ರಾನ್ಸ್-ಕೆಎಲ್‌ಎಂ ಮೊದಲಾದವುಗಳೊಂದಿಗೆ ಕೋಡ್‌ಶೇರ್ ಮಾಡಿಕೊಂಡಿದೆ. ಬೆಂಗಳೂರಿನಿಂದ ದೆಹಲಿಗೆ ಇಂಡಿಗೊದ ಸ್ವಂತ ನಂಬರಿನ ಟಿಕೆಟ್ ಕೊಂಡವರು ವಿದೇಶಿ ಖಾತೆಯಲ್ಲಿ ಮೈಲು ನಿರೀಕ್ಷಿಸಬಾರದು. ಅದೇ ವಿಮಾನ ವಿದೇಶಿ ಸಂಸ್ಥೆಯ ಟಿಕೆಟ್‌ನಲ್ಲಿ, ಆ ಸಂಸ್ಥೆಯ ನಂಬರಿನಲ್ಲಿ ಸೇರಿಬಂದರೆ ಒಪ್ಪಂದದ ಪ್ರಕಾರ ಜಮಾ ಆಗುವ ಅವಕಾಶವಿದೆ. ಇಂಡಿಗೊಗೆ ತನ್ನದೇ ಗಳಿಕೆ ಯೋಜನೆ ಬಂದದ್ದು ಬಹಳ ತಡವಾಗಿ, 2024ರಲ್ಲಿ, ಬ್ಲೂಚಿಪ್ ಎಂಬ ಹೆಸರಿನಲ್ಲಿ.

ಈ ಮೈಲುಗಳಿಗೆ ಹಣ ಕೊಡುವವರು ಯಾರು? ಕುಂದಲಹಳ್ಳಿಯ ಪ್ರಯಾಣಿಕರೊಬ್ಬರು ಲುಫ್ತಾನ್ಸಾದಲ್ಲಿ ಹೋಗಿ ಯುನೈಟೆಡ್ ಖಾತೆಗೆ ಮೈಲು ಹಾಕಿಸಿದರೆ, ಆ ಮೈಲುಗಳನ್ನು ಲುಫ್ತಾನ್ಸಾ ಯುನೈಟೆಡ್‌ನಿಂದ ಕೊಂಡಂತೆ. ಮುಂದೆ ಅದೇ ಪ್ರಯಾಣಿಕರು ಆ ಮೈಲು ಬಳಸಿ ಲುಫ್ತಾನ್ಸಾದಲ್ಲಿ ಸೀಟು ಪಡೆದರೆ ಹಣ ತಿರುಗಿ ಹರಿಯುತ್ತದೆ. ಅಗ್ಗದ ಟಿಕೆಟ್‌ಗಳಿಗೆ ಗಳಿಕೆ ಕಡಿಮೆ ಇರುವುದು ಇದರಿಂದಲೇ: ಮಾರಿದ ಟಿಕೆಟ್‌ನಲ್ಲಿ ಉಳಿತಾಯವೇ ಇಲ್ಲದಾಗ ಪಾಲುದಾರನಿಗೆ ಕೊಡುವುದು ಎಲ್ಲಿಂದ? ಈ ಯೋಜನೆಗಳು ಎಷ್ಟು ದೊಡ್ಡ ಆಸ್ತಿಯೆಂಬುದು ಕೋವಿಡ್ ಕಾಲದಲ್ಲಿ ಜಗತ್ತಿಗೆ ಕಂಡಿತು. ವಿಮಾನಗಳು ನೆಲ ಹಿಡಿದಾಗ ಯುನೈಟೆಡ್ 2020ರಲ್ಲಿ ಮೈಲೇಜ್‌ಪ್ಲಸ್ ಅನ್ನು ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಡೆಲ್ಟಾ ಅದೇ ರೀತಿ 900 ಕೋಟಿ, ಅಮೆರಿಕನ್ 2021ರಲ್ಲಿ 1,000 ಕೋಟಿ ಡಾಲರ್ ಪಡೆದವು.

ಕನ್ನಡಿಗರಿಗೆ ಇನ್ನೊಂದು ತೊಡಕು ಉಂಟು, ಅದು ಹೆಸರಿನದು. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಇಟ್ಟ ಹೆಸರು: ಹಳೆ ಮೈಸೂರು ಸೀಮೆಯಲ್ಲಿ ತಲೆಮಾರುಗಳಿಂದ ಬಂದ ಕ್ರಮ ಇದು. ವಿಮಾನ ಟಿಕೆಟ್‌ನ ಕಂಪ್ಯೂಟರ್ ಕೇಳುವುದು ಮನೆತನದ ಹೆಸರು ಮತ್ತು ಸ್ವಂತ ಹೆಸರು ಎಂಬ ಎರಡು ಖಾನೆಗಳನ್ನು. ಶಾಲೆಯ ಅಂಕಪಟ್ಟಿಯಲ್ಲಿ ಅಕ್ಷರಗಳು, ಪಾಸ್‌ಪೋರ್ಟ್‌ನಲ್ಲಿ ಅವುಗಳ ಪೂರ್ಣ ರೂಪ, ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಖಾನೆಯೇ ಖಾಲಿ. ಅಂಥವರ ಒಂಟಿ ಹೆಸರನ್ನು ಅಮೆರಿಕದ ವೀಸಾ ಮನೆತನದ ಹೆಸರಿನ ಜಾಗಕ್ಕೆ ಸರಿಸಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಅಚ್ಚು ಮಾಡುತ್ತದೆ. ಟಿಕೆಟ್‌ನಲ್ಲಿ ಕೆಲವು ಸಂಸ್ಥೆಗಳು ಹೆಸರನ್ನು ಎರಡು ಸಲ ಹಾಕುತ್ತವೆ, ಕೆಲವು ಬೇರೆ ದಾರಿ ಹಿಡಿಯುತ್ತವೆ. ಮೈಲು ಖಾತೆಯನ್ನು ಯಾವಾಗಲೋ ಅಕ್ಷರಗಳಿರುವ ಚಿಕ್ಕ ಹೆಸರಿನಲ್ಲಿ ತೆರೆದಿದ್ದರೆ, ಪಾಸ್‌ಪೋರ್ಟ್‌ನಂತೆ ಮಾಡಿಸಿದ ಟಿಕೆಟ್‌ನ ಹೆಸರು ಅದಕ್ಕೆ ಹೊಂದುವುದಿಲ್ಲ. ಹೊಂದದ ಹೆಸರಿನ ಮೈಲುಗಳನ್ನು ಪಾಲುದಾರ ಸಂಸ್ಥೆಯ ಕಂಪ್ಯೂಟರ್ ತಿರಸ್ಕರಿಸುತ್ತದೆ. ಸ್ವಂತ ವಿಮಾನದ ವಿಷಯವಾದರೆ ಫೋನ್ ಮಾಡಿ ಸರಿಪಡಿಸಬಹುದು, ಪಾಲುದಾರ ವಿಮಾನವಾದರೆ ಎರಡು ಸಂಸ್ಥೆಗಳ ನಡುವೆ ಪತ್ರ ಓಡಾಡಬೇಕು. ಈ ಒಂದು ತೊಡಕನ್ನು ಮೊದಲ ದಿನವೇ ಬಿಡಿಸಿಕೊಳ್ಳಬಹುದು: ಪಾಸ್‌ಪೋರ್ಟ್‌ನಲ್ಲಿ ಯಾವ ಕ್ರಮದಲ್ಲಿ ಹೆಸರಿದೆಯೋ ಅದೇ ಕ್ರಮದಲ್ಲಿ ಖಾತೆ ತೆರೆಯುವುದು, ಈಗಾಗಲೇ ಬೇರೆ ಹೆಸರಿನಲ್ಲಿದ್ದರೆ ಪಾಸ್‌ಪೋರ್ಟ್ ಪ್ರತಿ ಕಳುಹಿಸಿ ತಿದ್ದಿಸುವುದು. ನಮ್ಮ ಹೆಸರಿನ ಕ್ರಮದಲ್ಲಿ ತಪ್ಪೇನೂ ಇಲ್ಲ. ಕಂಪ್ಯೂಟರ್‌ಗೆ ಅದನ್ನು ಅರ್ಥಮಾಡಿಕೊಳ್ಳುವ ಜಾಗ ಇಟ್ಟಿಲ್ಲ, ಅಷ್ಟೇ.

ಯಾವ ಖಾತೆಗೆ ಹಾಕಿಸಬೇಕು ಎಂಬ ಪ್ರಶ್ನೆಗೆ ಬೆಂಗಳೂರಿನ ಇತಿಹಾಸವೇ ಪಾಠ ಹೇಳುತ್ತದೆ. ವಿಠ್ಠಲ್ ಮಲ್ಯ ರಸ್ತೆಯ ಯುಬಿ ಟವರ್‌ನಲ್ಲಿ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಶರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಟ್ಟಿದ್ದ ಏರ್ ಡೆಕ್ಕನ್ ಅದರೊಳಗೆ ಸೇರಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್‌ಗೆ ಅದರ ಮೊದಲ ವಿದೇಶಿ ವಿಮಾನ ಹೋಯಿತು. ಕಿಂಗ್ ಕ್ಲಬ್ ಎಂಬ ಅದರ ಯೋಜನೆಯ ಸದಸ್ಯರು ಈ ನಗರದಲ್ಲಿ ಬಹಳ ಇದ್ದರು. ಒನ್‌ವರ್ಲ್ಡ್ ಸೇರಲು 2012ರ ಫೆಬ್ರವರಿ 10 ನಿಗದಿಯಾಗಿತ್ತು. ಸೇರಿದ್ದರೆ ಬೆಂಗಳೂರಿನ ಸ್ವಂತ ಸಂಸ್ಥೆಯ ಕಾರ್ಡ್ ಹಿಡಿದು ಬ್ರಿಟಿಷ್ ಏರ್‌ವೇಸ್, ಕ್ಯಾಥೆ, ಅಮೆರಿಕನ್ ಎಲ್ಲದರಲ್ಲೂ ಮೈಲು ಗಳಿಸಬಹುದಿತ್ತು. ಕೆಲವೇ ದಿನ ಬಾಕಿ ಇರುವಾಗ ಒಕ್ಕೂಟ ಸೇರ್ಪಡೆಯನ್ನು ತಡೆಹಿಡಿಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರ್ ಹಾರಾಟ ನಿಂತು, ಪರವಾನಗಿಯೂ ಅಮಾನತಾಯಿತು. ಖಾತೆಗಳಲ್ಲಿದ್ದ ಮೈಲುಗಳಿಗೆ ಬೆಲೆ ಉಳಿಯಲಿಲ್ಲ. ಸಂಬಳ ಸಿಗದ ನೌಕರರ ಸಂಕಟದ ಮುಂದೆ ಇದು ಚಿಕ್ಕ ನಷ್ಟವೇ, ಆದರೂ ವರ್ಷಗಟ್ಟಲೆ ಕೂಡಿಟ್ಟವರಿಗೆ ನಷ್ಟ ನಷ್ಟವೇ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಾಗ ಹಾಗಾಗಲಿಲ್ಲ. ಅದರ ಜೆಟ್‌ಪ್ರಿವಿಲೇಜ್ ಯೋಜನೆ ಅಷ್ಟರಲ್ಲಿ ಬೇರೆ ಕಂಪನಿಯಾಗಿತ್ತು, ಅದರಲ್ಲಿ ಎತಿಹಾದ್‌ಗೆ ಶೇ 50.1 ಪಾಲಿತ್ತು. ವಿಮಾನಗಳು ಹೋದರೂ ಮೈಲು ಉಳಿದವು. ಅದೇ ವರ್ಷ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಿನಲ್ಲಿ ಯೋಜನೆ ಮುಂದುವರಿಯಿತು. ಜೆಟ್ ಯಾವ ಒಕ್ಕೂಟದಲ್ಲೂ ಇರಲಿಲ್ಲ. ಸದಸ್ಯರಿಗೆ ಆಸರೆಯಾದದ್ದು ಬಿಡಿ ಪಾಲುದಾರರು.

ಮೂರನೆಯ ಕಥೆ ಕುಂದಲಹಳ್ಳಿಯ ಪಕ್ಕದಲ್ಲೇ ಬೇರು ಬಿಟ್ಟ ನಂಟಿನದು. ಐಟಿಪಿಎಲ್‌ಗಾಗಿ 1994ರಲ್ಲಿ ಆದ ಜಂಟಿ ಕಂಪನಿಯಲ್ಲಿ ಸಿಂಗಪುರದ ಕಂಪನಿಗಳ ಗುಂಪಿಗೂ ಟಾಟಾ ಇಂಡಸ್ಟ್ರೀಸ್‌ಗೂ ತಲಾ ಶೇ 40, ಕರ್ನಾಟಕ ಸರ್ಕಾರಕ್ಕೆ ಶೇ 20 ಪಾಲು. ಎರಡು ದಶಕದ ಬಳಿಕ ಟಾಟಾ ಮತ್ತು ಸಿಂಗಪುರ ಮತ್ತೆ ಕೂಡಿದ್ದು ಆಕಾಶದಲ್ಲಿ. ಟಾಟಾ ಶೇ 51, ಸಿಂಗಪುರ ಏರ್‌ಲೈನ್ಸ್ ಶೇ 49 ಹೂಡಿದ ವಿಸ್ತಾರ 2015ರ ಜನವರಿ 9ರಂದು ಹಾರಿತು. ಸಿಂಗಪುರ ಏರ್‌ಲೈನ್ಸ್ ಸ್ಟಾರ್ ಅಲಯನ್ಸ್‌ನಲ್ಲಿದ್ದರೂ ವಿಸ್ತಾರ ಅದಕ್ಕೆ ಸೇರಲಿಲ್ಲ. ಆದರೂ ಸಿಂಗಪುರದ ಕ್ರಿಸ್‌ಫ್ಲೈಯರ್ ಸದಸ್ಯರು ವಿಸ್ತಾರದಲ್ಲಿ, ವಿಸ್ತಾರದ ಸದಸ್ಯರು ಸಿಂಗಪುರ ವಿಮಾನಗಳಲ್ಲಿ ಗಳಿಸುವಂತೆ ಬಿಡಿ ಒಪ್ಪಂದವಿತ್ತು. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಕ್ಲಬ್ ವಿಸ್ತಾರದ ಪಾಯಿಂಟ್‌ಗಳು ಒಂದಕ್ಕೊಂದರಂತೆ ಏರ್ ಇಂಡಿಯಾ ಖಾತೆಗೆ ಬಂದವು. ಏರ್ ಇಂಡಿಯಾ ಯೋಜನೆಗಿದ್ದ ಫ್ಲೈಯಿಂಗ್ ರಿಟರ್ನ್ಸ್ ಎಂಬ ಹಳೆಯ ಹೆಸರು ಹೋಗಿ ಮಹಾರಾಜ ಕ್ಲಬ್ ಆಯಿತು. ವಿಲೀನದ ಬಳಿಕ ಸಿಂಗಪುರ ಏರ್‌ಲೈನ್ಸ್‌ಗೆ ಏರ್ ಇಂಡಿಯಾದಲ್ಲಿ ಶೇ 25.1 ಪಾಲು ಸಿಕ್ಕಿತು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಒಂದು ತೀರ್ಮಾನಕ್ಕೆ ಬರಬೇಕು. ಹತ್ತುವ ವಿಮಾನ ದರಕ್ಕೂ ಸಮಯಕ್ಕೂ ತಕ್ಕಂತೆ ಬದಲಾಗುತ್ತಿರಲಿ, ಜಮಾ ಆಗುವ ಖಾತೆ ಬದಲಾಗಬಾರದು, ಮತ್ತು ಆ ಖಾತೆ ಬಾಳಿಕೆ ಬರುವ ಸಂಸ್ಥೆಯದ್ದಾಗಿರಬೇಕು. ಐದು ಸಂಸ್ಥೆಗಳಲ್ಲಿ ಐದೈದು ಸಾವಿರ ಮೈಲು ಇಟ್ಟುಕೊಂಡವರಿಗೆ ಒಂದು ಟಿಕೆಟೂ ಸಿಗುವುದಿಲ್ಲ, ಒಂದರಲ್ಲಿ 25,000 ಇದ್ದವರಿಗೆ ಏನಾದರೂ ಸಿಗುತ್ತದೆ. ಮೈಲುಗಳ ಆಯಸ್ಸನ್ನೂ ನೋಡಬೇಕು. ಕ್ರಿಸ್‌ಫ್ಲೈಯರ್‌ನಲ್ಲಿ ಗಳಿಸಿದ ಮೈಲು ಮೂರು ವರ್ಷಕ್ಕೆ ತೀರುತ್ತದೆ, ಲುಫ್ತಾನ್ಸಾದ ಮೈಲ್ಸ್ ಅಂಡ್ ಮೋರ್‌ನಲ್ಲೂ ಸಾಮಾನ್ಯ ಸದಸ್ಯರಿಗೆ 36 ತಿಂಗಳು. ಅಡ್ವಾಂಟೇಜ್‌ನಲ್ಲಿ 24 ತಿಂಗಳು ಯಾವ ಚಲನೆಯೂ ಇಲ್ಲದಿದ್ದರೆ ಹೋಗುತ್ತದೆ. ಯುನೈಟೆಡ್ 2019ರಿಂದ ಅವಧಿಯನ್ನೇ ತೆಗೆದುಹಾಕಿದೆ. ಎರಡು ವರ್ಷಕ್ಕೊಮ್ಮೆ ಮಾತ್ರ ಮಗನ ಮನೆಗೆ ಹೋಗುವ ತಂದೆತಾಯಿಗೆ ಅವಧಿಯಿಲ್ಲದ ಖಾತೆಯೇ ಒಳ್ಳೆಯದು. ತಿಂಗಳಿಗೊಮ್ಮೆ ಸಿಂಗಪುರಕ್ಕೆ ಹೋಗುವವರಿಗೆ ಮೂರು ವರ್ಷದ ಗಡುವು ಅಡ್ಡಿಯೇ ಅಲ್ಲ.

ಖರ್ಚು ಮಾಡುವ ಮೈಲು ಬೇರೆ, ಸದಸ್ಯತ್ವದ ದರ್ಜೆ ಏರಿಸುವ ಲೆಕ್ಕ ಬೇರೆ. ಸ್ಟಾರ್ ಅಲಯನ್ಸ್‌ನ ಗೋಲ್ಡ್ ದರ್ಜೆ ಇರುವವರಿಗೆ ಒಕ್ಕೂಟದ ಯಾವ ವಿಮಾನದಲ್ಲೇ ಆಗಲಿ ಲೌಂಜ್, ಆದ್ಯತೆಯ ಸರದಿ, ಜೊತೆಗೆ ಒಂದು ಹೆಚ್ಚಿನ ಪೆಟ್ಟಿಗೆ ಅಥವಾ 20 ಕಿಲೋ ಹೆಚ್ಚುವರಿ ಸಾಮಾನಿನ ಅವಕಾಶವಿದೆ. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಮೊಮ್ಮಗುವಿನ ಬಟ್ಟೆ ಎಲ್ಲವನ್ನೂ ಹೊತ್ತು ಹೊರಡುವ ಮನೆಯವರಿಗೆ ಆ 20 ಕಿಲೋ ಲೌಂಜ್‌ಗಿಂತ ದೊಡ್ಡದು. ಆದರೆ ಆ ಅವಕಾಶ ದರ್ಜೆ ಇರುವವರಿಗೆ ಮಾತ್ರ, ಮಗನ ಗೋಲ್ಡ್ ಕಾರ್ಡ್ ಒಂಟಿಯಾಗಿ ಹೊರಟ ತಾಯಿಗೆ ನೆರವಾಗುವುದಿಲ್ಲ. ಪಾಲುದಾರ ವಿಮಾನಗಳಲ್ಲೇ ಹಾರಿ ದರ್ಜೆ ಪಡೆಯಬಯಸುವವರು ಇನ್ನೊಂದು ಷರತ್ತು ಗಮನಿಸಬೇಕು. ಯುನೈಟೆಡ್ ದರ್ಜೆಗೆ ವರ್ಷದಲ್ಲಿ ಕನಿಷ್ಠ ನಾಲ್ಕು ಸಲ ಯುನೈಟೆಡ್‌ನ ಸ್ವಂತ ವಿಮಾನ ಹತ್ತಿರಬೇಕು. ಬೆಂಗಳೂರಿನಿಂದ ಲುಫ್ತಾನ್ಸಾದಲ್ಲೇ ಹೋಗಿ ಅದರಲ್ಲೇ ಮರಳುವವರು ಎಷ್ಟು ಹಾರಿದರೂ ಆ ನಾಲ್ಕು ತುಂಬುವುದಿಲ್ಲ.

ಕಂಪನಿ ಕೊಟ್ಟ ಟಿಕೆಟ್‌ನ ಮೈಲು ಯಾರದು ಎಂಬ ಚರ್ಚೆ ಎಲ್ಲ ದೇಶಗಳಲ್ಲೂ ನಡೆದಿದೆ. ಜರ್ಮನಿಯಲ್ಲಿ 2002ರಲ್ಲಿ ಅದು ರಾಜಕೀಯ ಬಿರುಗಾಳಿಯಾಯಿತು. ಸರ್ಕಾರಿ ಪ್ರಯಾಣದ ಲುಫ್ತಾನ್ಸಾ ಮೈಲುಗಳನ್ನು ಸ್ವಂತಕ್ಕೆ ಬಳಸಿದ ಕಾರಣಕ್ಕೆ ಗ್ರೆಗೋರ್ ಗೀಸಿ ಬರ್ಲಿನ್ ಸರ್ಕಾರದ ಸಚಿವ ಸ್ಥಾನ ಬಿಟ್ಟರು, ಗ್ರೀನ್ ಪಕ್ಷದ ಜೆಮ್ ಓಜ್ದೆಮಿರ್ ಕೂಡ ಹಿಂದೆ ಸರಿಯಬೇಕಾಯಿತು. ಅದೇ ವರ್ಷ ಅಮೆರಿಕದ ತೆರಿಗೆ ಇಲಾಖೆ ಕೆಲಸದ ಪ್ರಯಾಣದ ಮೈಲುಗಳನ್ನು ಸ್ವಂತಕ್ಕೆ ಬಳಸಿದರೆ ತೆರಿಗೆ ಕೇಳುವುದಿಲ್ಲವೆಂದು ಪ್ರಕಟಿಸಿತು. ಭಾರತದಲ್ಲಿ ಕೇಂದ್ರ ಸರ್ಕಾರಿ ನೌಕರರು ಸರ್ಕಾರದ ಖರ್ಚಿನಲ್ಲಿ ಗಳಿಸಿದ ಮೈಲುಗಳನ್ನು ಸರ್ಕಾರಿ ಪ್ರಯಾಣಕ್ಕೇ ಬಳಸಬೇಕು. ಖಾಸಗಿ ಕಂಪನಿಗಳಲ್ಲಿ ಅದು ಆಯಾ ಕಂಪನಿಯ ನಿಯಮಕ್ಕೆ ಬಿಟ್ಟದ್ದು, ರೂಢಿಯಲ್ಲಿ ಮೈಲು ಹಾರಿದವರದ್ದೇ. ಮನೆಯವರನ್ನು ಬಿಟ್ಟು ರಾತ್ರಿ ವಿಮಾನ ಹತ್ತಿ, ನಿದ್ದೆಗೆಟ್ಟು ಮರುದಿನ ಮೀಟಿಂಗ್‌ನಲ್ಲಿ ಕೂರುವವರಿಗೆ ಅದು ನ್ಯಾಯವೇ.

ಜಮಾ ಮಾಡಿಸುವ ಕ್ರಮ ಸರಳ. ಸದಸ್ಯತ್ವ ಸಂಖ್ಯೆ ಬುಕಿಂಗ್‌ನಲ್ಲಿ ಸೇರಬೇಕು. ಮರೆತಿದ್ದರೆ ಚೆಕ್-ಇನ್ ಕೌಂಟರ್‌ನಲ್ಲೂ ಸೇರಿಸುತ್ತಾರೆ. ಒಂದು ಹಾರಾಟಕ್ಕೆ ಒಂದೇ ಖಾತೆ. ಟ್ರಾವೆಲ್ ಡೆಸ್ಕ್ ಹಳೆಯ ಸಂಖ್ಯೆ ಹಾಕಿದ್ದರೆ ವಿಮಾನ ಹತ್ತುವ ಮುಂಚೆಯೇ ಬದಲಿಸಬೇಕು, ಒಮ್ಮೆ ಒಂದು ಖಾತೆಗೆ ಬಿದ್ದ ಮೈಲು ಇನ್ನೊಂದಕ್ಕೆ ಬರುವುದಿಲ್ಲ. ಬೋರ್ಡಿಂಗ್ ಪಾಸ್ ಮೇಲೆ ಸಂಸ್ಥೆಯ ಹೆಸರು ಮತ್ತು ಸಂಖ್ಯೆ ಅಚ್ಚಾಗಿದೆಯೇ ಎಂದು ಗೇಟ್‌ನತ್ತ ಹೋಗುವಾಗ ಒಮ್ಮೆ ನೋಡಿದರೆ ಸಾಕು. ಪಾಲುದಾರ ವಿಮಾನದ ಮೈಲು ಖಾತೆಗೆ ಬರಲು ಕೆಲವು ದಿನಗಳಿಂದ ಕೆಲವು ವಾರ ಹಿಡಿಯುತ್ತದೆ. ಬಾರದಿದ್ದರೆ ಅರ್ಜಿ ಹಾಕಲು ಸಂಸ್ಥೆಗೆ ತಕ್ಕಂತೆ ಗಡುವು ಇದೆ, ಮುಗಿದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅರ್ಜಿಗೆ ಬೇಕಾದದ್ದು ಎರಡೇ ಕಾಗದ: ಬೋರ್ಡಿಂಗ್ ಪಾಸ್ ಮತ್ತು ಇ-ಟಿಕೆಟ್. ಮೈಲು ಜಮಾ ಆಗುವವರೆಗೆ ಎರಡನ್ನೂ ಎಸೆಯದಿರಿ. ಮೊಬೈಲ್‌ನಲ್ಲಿರುವ ಬೋರ್ಡಿಂಗ್ ಪಾಸ್ ವಿಮಾನ ಇಳಿದ ಮೇಲೆ ಆ್ಯಪ್‌ನಿಂದ ಮಾಯವಾಗುವುದುಂಟು, ಅದರ ಚಿತ್ರ ತೆಗೆದಿಟ್ಟುಕೊಳ್ಳಿ.

ಸೇರಿಸಿಟ್ಟ ಮೈಲುಗಳನ್ನು ಬಹುಕಾಲ ಹಾಗೇ ಬಿಡುವುದೂ ಜಾಣತನವಲ್ಲ. ಡೆಲ್ಟಾ 2015ರಲ್ಲಿ, ಯುನೈಟೆಡ್ 2019ರಲ್ಲಿ ಯಾವ ಊರಿಗೆ ಎಷ್ಟು ಮೈಲು ಎಂಬ ನಿಗದಿ ಪಟ್ಟಿಯನ್ನೇ ತೆಗೆದುಹಾಕಿದವು. ಈಗ ಬೆಲೆ ದಿನದಿನಕ್ಕೂ ಬದಲಾಗುತ್ತದೆ, ಸಾಮಾನ್ಯವಾಗಿ ಮೇಲಕ್ಕೇ. ಮೈಲಿನ ಟಿಕೆಟ್‌ಗೂ ತೆರಿಗೆ ಮತ್ತು ಇಂಧನದ ಹೆಚ್ಚುವರಿ ಶುಲ್ಕವನ್ನು ಕೈಯಿಂದ ಕಟ್ಟಬೇಕಾದ ಸಂಸ್ಥೆಗಳಿವೆ. ಯುರೋಪಿನ ಕೆಲವು ಸಂಸ್ಥೆಗಳಲ್ಲಿ ಅದು ಸಾಕಷ್ಟು ಭಾರವೇ.

ಭಾರತದ ಸಂಸ್ಥೆಗಳಲ್ಲಿ ಮೂರು ಒಕ್ಕೂಟಗಳೊಳಗೆ ಇರುವುದು ಏರ್ ಇಂಡಿಯಾ ಒಂದೇ. ಆಹ್ವಾನ 2007ರಲ್ಲೇ ಬಂದಿತ್ತು, 2011ರಲ್ಲಿ ಪ್ರಕ್ರಿಯೆ ನಿಂತಿತು, ಕೊನೆಗೆ 2014ರ ಜುಲೈ 11ರಂದು ಅದು ಸ್ಟಾರ್ ಅಲಯನ್ಸ್ ಸೇರಿತು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದ ಸ್ಯಾನ್ ಫ್ರಾನ್ಸಿಸ್ಕೋ-ಬೆಂಗಳೂರು ವಿಮಾನ ತಂದಾಗ, ಯುನೈಟೆಡ್ ಖಾತೆ ಇಟ್ಟುಕೊಂಡಿದ್ದ ಬೆಂಗಳೂರಿಗರು ನಡುವೆ ಎಲ್ಲೂ ಇಳಿಯದೆ ಆ ಖಾತೆಗೆ ಮೈಲು ಸೇರಿಸುವ ದಾರಿ ಮೊದಲ ಸಲ ತೆರೆಯಿತು. ದೇಶದೊಳಗೆ ಅತಿ ಹೆಚ್ಚು ಜನರನ್ನು ಹೊತ್ತೊಯ್ಯುವ ಇಂಡಿಗೊ ಇಂದಿಗೂ ಮೂರರಲ್ಲಿ ಯಾವುದಕ್ಕೂ ಸೇರಿಲ್ಲ.